ಡಿಷ್‌ವಾಷರ್‌ಗೆ ಒಪ್ಪುವ ನೈಸರ್ಗಿಕ ಮಾರ್ಜಕ ಯಾವುದು?

ಪಾತ್ರೆ ತೊಳೆಯುವ ಯಂತ್ರ, ಅಂದರೆ ಡಿಷ್‌ವಾಷರ್‌ಗಾಗಿ ಮಾರುವ ಪುಡಿ, ಬಿಲ್ಲೆ ಮತ್ತು ದ್ರವಗಳ ಪೊಟ್ಟಣಗಳ ಮೇಲೆ ‘ನೈಸರ್ಗಿಕ’, ‘ಸಸ್ಯಜನ್ಯ’ ಎಂಬ ವಿಶೇಷಣಗಳು ಈಗ ಸಾಮಾನ್ಯವಾಗಿವೆ. ಆದರೆ ಗಿಡಮರಗಳಿಂದ ಬಂದದ್ದೆಂಬ ಕಾರಣಕ್ಕೇ ಒಂದು ವಸ್ತು ಯಂತ್ರಕ್ಕೆ ಒಗ್ಗುತ್ತದೆ ಎಂದಾಗಲಿ, ಕೆರೆಗೆ ಕೇಡು ಮಾಡುವುದಿಲ್ಲ ಎಂದಾಗಲಿ ಹೇಳಲಾಗದು. ಅದು ಯಂತ್ರದೊಳಗೆ ಮಾಡುವ ಕೆಲಸವೇನು, ಮನೆಯ ನೀರಿನೊಡನೆ ಹೇಗೆ ಹೊಂದುತ್ತದೆ, ಚರಂಡಿ ಸೇರಿದ ಮೇಲೆ ಏನಾಗುತ್ತದೆ ಎಂಬ ಮೂರು ಸಂಗತಿಗಳನ್ನು ತಿಳಿದವರಿಗೆ ಮಾತ್ರ ಆಯ್ಕೆ ಸುಲಭವಾಗುತ್ತದೆ.

ಕೈಯಲ್ಲಿ ತೊಳೆಯುವಾಗ ನಾರು ಮಾಡುವ ಉಜ್ಜುವಿಕೆಯನ್ನು ಯಂತ್ರದಲ್ಲಿ ತಿರುಗುವ ಕೊಳವೆಗಳಿಂದ ಚಿಮ್ಮುವ ಬಿಸಿನೀರು ಮತ್ತು ಅದರಲ್ಲಿ ಕರಗಿದ ಕ್ಷಾರ ಸೇರಿ ಮಾಡುತ್ತವೆ. ಇಲ್ಲಿ ನೊರೆ ಹೆಚ್ಚಾದರೆ ಪಂಪು ನೀರಿನೊಡನೆ ಗಾಳಿಯನ್ನೂ ಎಳೆದುಕೊಳ್ಳುವುದರಿಂದ ಚಿಮ್ಮುವ ರಭಸ ಕುಗ್ಗಿ, ಕೆಲವೊಮ್ಮೆ ಬಾಗಿಲ ಸಂದಿನಿಂದ ನೊರೆ ಹೊರಬರುತ್ತದೆ. ತಲೆಮಾರುಗಳಿಂದ ಬಳಕೆಯಲ್ಲಿರುವ ಅಂಟುವಾಳ ಮತ್ತು ಸೀಗೆಕಾಯಿಗಳಲ್ಲಿ ಸಪೋನಿನ್ ಎಂಬ ನೊರೆಕಾರಕವಿರುವುದರಿಂದ, ಅವು ಎಷ್ಟೇ ಸಹಜವಾಗಿದ್ದರೂ ಈ ಯಂತ್ರಕ್ಕೆ ಹೇಳಿಸಿದವಲ್ಲ. ಒಲೆಯ ಬೂದಿಯ ಗುಣವಾದರೋ ಬೇರೆ: ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವು ಜಿಡ್ಡನ್ನು ಬಿಡಿಸುತ್ತದೆ. ಬೂದಿಯ ಕಣಗಳು ಸೋಸುಜಾಲರಿಯನ್ನು ಕಟ್ಟಿಬಿಡುವುದರಿಂದ ಅದನ್ನು ನೇರವಾಗಿ ಹಾಕುವಂತಿಲ್ಲವಾದರೂ, ಇಂದಿನ ಪುಡಿಗಳ ಮುಖ್ಯ ಘಟಕವಾದ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಅದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಅಡುಗೆ ಸೋಡಾ ಇದಕ್ಕಿಂತ ಬಹಳ ದುರ್ಬಲವಾದ ಕ್ಷಾರವಾದುದರಿಂದ ಎಣ್ಣೆ ಹಿಡಿದ ಬಾಣಲೆಗೆ ಅದೊಂದೇ ಸಾಲದು.

ಅರಿಸಿನ ಮತ್ತು ಚಹಾದ ಕಲೆಗಳಿಗೆ ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಬಿಳುಪುಕಾರಕ ಬೇಕಾಗುತ್ತದೆ. ಅದು ನೀರಿನಲ್ಲಿ ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆದು, ಪೆರಾಕ್ಸೈಡ್ ಕೊನೆಗೆ ನೀರು ಮತ್ತು ಆಮ್ಲಜನಕವಾಗುವುದರಿಂದ, ಕ್ಲೋರಿನ್‌ಯುಕ್ತ ಬಿಳುಪುಕಾರಕಗಳಿಗಿಂತ ಇದನ್ನು ಆರಿಸುವುದು ಲೇಸು. ತಟ್ಟೆಗೆ ಒಣಗಿ ಅಂಟಿದ ಅನ್ನ ಮತ್ತು ಮುದ್ದೆಯ ಪಿಷ್ಟವನ್ನು ಅಮೈಲೇಸ್, ಬೇಳೆ ಮತ್ತು ಮೊಟ್ಟೆಯ ಪ್ರೋಟೀನನ್ನು ಪ್ರೋಟಿಯೇಸ್ ಎಂಬ ಕಿಣ್ವಗಳು ತುಂಡರಿಸುತ್ತವೆ. ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾಗುವ ಈ ಕಿಣ್ವಗಳು ಮಾರ್ಜಕದಲ್ಲಿದ್ದರೆ ಕಡಿಮೆ ಬಿಸಿಯ ನೀರಿನಲ್ಲೂ ಪಾತ್ರೆ ಶುದ್ಧವಾಗುತ್ತದೆ.

ಎರಡನೆಯ ಸಂಗತಿ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಸಹ್ಯವೆಂದೂ ನಿಗದಿಪಡಿಸಿದೆ. ಗಡಸಾದ ಕೊಳವೆಬಾವಿ ನೀರಿನಲ್ಲಿ ವಾಷಿಂಗ್ ಸೋಡಾ ಕ್ಯಾಲ್ಸಿಯಂನೊಡನೆ ಕೂಡಿ ಗಾಜಿನ ಲೋಟಗಳ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅಂಥ ಕಡೆ ಸೋಡಿಯಂ ಸಿಟ್ರೇಟ್ ಇರುವ ಪುಡಿಯನ್ನು ಕೊಳ್ಳುವುದಲ್ಲದೆ, ಯಂತ್ರದ ನೀರು ಮೆದುಗೊಳಿಸುವ ಕೋಶಕ್ಕೆ ಅದಕ್ಕೆಂದೇ ಮಾರುವ ಹರಳುಪ್ಪನ್ನು ತುಂಬಬೇಕು. ಅಡುಗೆಯ ಪುಡಿ ಉಪ್ಪಿನಲ್ಲಿ ಬೆರೆತಿರುವ ಇತರ ಪದಾರ್ಥಗಳು ಆ ಕೋಶಕ್ಕೆ ಒಳ್ಳೆಯದಲ್ಲ. ಯಂತ್ರದೊಳಗೆ ಕಟ್ಟಿದ ಸುಣ್ಣದ ಪೊರೆಯನ್ನು ತೆಗೆಯಲು ಆಗಾಗ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಹಾಕಿ ಪಾತ್ರೆಗಳಿಲ್ಲದೆ ಓಡಿಸಬಹುದು. ಆಮ್ಲವನ್ನೂ ಸೋಡಾವನ್ನೂ ಒಟ್ಟಿಗೆ ಹಾಕಿದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ; ವಿನೆಗರನ್ನು ಪದೇ ಪದೇ ಬಳಸಿದರೆ ರಬ್ಬರಿನ ಬಳೆಗಳು ಕೆಡಬಹುದು.

ಮೂರನೆಯ ಸಂಗತಿ ಮಾರ್ಜಕದ ಕೊನೆಯ ನೆಲೆಗೆ ಸಂಬಂಧಿಸಿದ್ದು. ನೀರನ್ನು ಮೆದುಗೊಳಿಸುವುದರಲ್ಲಿ ಬಹು ಸಮರ್ಥವಾದ ಫಾಸ್ಫೇಟು ಕೆರೆ ಸೇರಿದಾಗ ಪಾಚಿ ಮತ್ತು ಜಲಕಳೆಗಳಿಗೆ ಗೊಬ್ಬರವಾಗಿ, ಅವು ಬೆಳೆದು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು 2017ರ ಜನವರಿಯಿಂದ ಮನೆಬಳಕೆಯ ಡಿಷ್‌ವಾಷರ್ ಮಾರ್ಜಕದ ಒಂದು ಬಾರಿಯ ಅಳತೆಯಲ್ಲಿ ರಂಜಕದ ಪ್ರಮಾಣವನ್ನು 0.3 ಗ್ರಾಂಗೆ ಮಿತಿಗೊಳಿಸಿತು. ಸಂಸ್ಕರಿಸದ ಕೊಳಚೆಯೊಡನೆ ಮಾರ್ಜಕಗಳು ಕೆರೆ ಸೇರಿದರೆ ಏನಾಗುವುದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಿಂದ ರಸ್ತೆಗೆ ಹಾರಿದ ನೊರೆಯೇ ತೋರಿಸಿಕೊಟ್ಟಿದೆ.

ಆದುದರಿಂದ ಪೊಟ್ಟಣದ ಮುಂಭಾಗದ ಹಸಿರೆಲೆಯ ಚಿತ್ರಕ್ಕಿಂತ ಹಿಂಭಾಗದ ಘಟಕಗಳ ಪಟ್ಟಿಯನ್ನು ಓದುವುದೇ ಮೇಲು. ಫಾಸ್ಫೇಟು ಮತ್ತು ಕ್ಲೋರಿನ್ ಇಲ್ಲದ, ಕಿಣ್ವ, ಸಿಟ್ರೇಟು ಮತ್ತು ಪರ್‌ಕಾರ್ಬೊನೇಟುಗಳಿರುವ ಪುಡಿ ಬಹುಪಾಲು ಮನೆಗಳಿಗೆ ಸಾಕಾಗುತ್ತದೆ. ಬಿಲ್ಲೆಯ ಅಳತೆ ಮೊದಲೇ ಗೊತ್ತಾಗಿರುವುದರಿಂದ, ಜಿಡ್ಡಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಲು ಪುಡಿಯೇ ಅನುಕೂಲ. ಯಾವ ಪುಡಿಯಾದರೂ ಅಲ್ಯೂಮಿನಿಯಂ ಪಾತ್ರೆಯನ್ನು ಕಪ್ಪಾಗಿಸುವ, ಪಳಗಿಸಿದ ಕಬ್ಬಿಣದ ಕಾವಲಿಯ ಎಣ್ಣೆಪೊರೆಯನ್ನು ಕಿತ್ತುಹಾಕುವ ಸಂಭವವಿರುವುದರಿಂದ ಅವನ್ನು ಕೈಯಲ್ಲೇ ತೊಳೆಯಬೇಕು. ನೈಸರ್ಗಿಕವೆಂದು ಮಾರಿದರೂ ಕ್ಷಾರ ಕ್ಷಾರವೇ. ಚರ್ಮವನ್ನೂ ಕಣ್ಣನ್ನೂ ಸುಡಬಲ್ಲ ಈ ಪುಡಿಯ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡುವುದು ಅಗತ್ಯ.