ಆಕ್ಸಿಜನ್ ಸಿಲಿಂಡರು ಕಲಿಸಿದ ಪಾಠಗಳು

ಬಾಗಲಕೋಟೆಯ ನವನಗರವಿರಲಿ, ಹುನಗುಂದದ ರಸ್ತೆಬದಿಯಿರಲಿ, ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳ ಆಸುಪಾಸಿರಲಿ, ವೆಲ್ಡಿಂಗ್ ಶೆಡ್ಡು ಇದ್ದಲ್ಲಿ ಎದೆಮಟ್ಟದ ಕಪ್ಪು ಸಿಲಿಂಡರು ಇದ್ದೇ ಇರುತ್ತದೆ. ಬಾದಾಮಿಯ ಆಸ್ಪತ್ರೆಗೆ ಹೋದರೆ ಅದರ ಒಡಹುಟ್ಟು ಹೆಗಲಿಗೆ ಬಿಳಿ ಬಣ್ಣ ಬಳಿದುಕೊಂಡು ನಿಂತಿರುತ್ತದೆ. ಅಲ್ಲಿ ಕಬ್ಬಿಣ ಕತ್ತರಿಸುವುದೂ ಇಲ್ಲಿ ಉಸಿರು ಉಳಿಸುವುದೂ ಒಂದೇ ಅನಿಲ. ಜಂಬೋ ಎಂದು ಕರೆಯುವ ದೊಡ್ಡ ಸಿಲಿಂಡರಿನಲ್ಲಿ ನೀರು ತುಂಬಿದರೆ ಹಿಡಿಯುವುದು 46.7 ಲೀಟರು. ಅಷ್ಟೇ ಜಾಗದಲ್ಲಿ 7,000 ಲೀಟರು ಆಕ್ಸಿಜನ್ನನ್ನು ನಮ್ಮ ಸುತ್ತಲ ಗಾಳಿಗಿಂತ ಸುಮಾರು 150 ಪಟ್ಟು ಒತ್ತಡದಲ್ಲಿ ತುರುಕಿರುತ್ತಾರೆ. ತೂಕ ಹಾಕಿದರೆ ಆ ಅನಿಲ ಒಂಬತ್ತೂವರೆ ಕಿಲೋ ಆಸುಪಾಸು. ಐವತ್ತು ಕಿಲೋ ಉಕ್ಕನ್ನು ಹೊತ್ತು ತರುವುದೆಲ್ಲ ಆ ಒಂಬತ್ತೂವರೆ ಕಿಲೋಗಾಗಿ.

ಸಿಲಿಂಡರಿನ ಬಣ್ಣ, ತಲೆಯ ಮೇಲಿನ ಟೊಪ್ಪಿ, ವಾಲ್ವಿನ ಥ್ರೆಡ್ಡು, ಹೆಗಲಿನ ಮೇಲೆ ಕೊರೆದ ತಾರೀಖು ಇವು ಯಾವುವೂ ಒಂದೇ ದಿನ, ಒಬ್ಬನೇ ಜಾಣನ ತಲೆಯಲ್ಲಿ ಹುಟ್ಟಿದವಲ್ಲ. ಅನಿಲವನ್ನು ಕಂಡುಹಿಡಿದದ್ದು ಒಂದು ಕತೆಯಾದರೆ, ಅದರ ಜೊತೆ ಬದುಕುವುದನ್ನು ಕಂಡುಹಿಡಿದದ್ದು ಇನ್ನೊಂದು ಕತೆ. ಎರಡನೆಯದೇ ಉದ್ದ.

ಮೊದಲನೆಯದು ಬಹಳ ಮಂದಿಗೆ ಗೊತ್ತು. ಸ್ವೀಡನ್ನಿನ ಔಷಧಿ ತಯಾರಕ ಷೀಲೆ 1770ರ ದಶಕದ ಆರಂಭದಲ್ಲೇ ಈ ಅನಿಲವನ್ನು ಬೇರ್ಪಡಿಸಿದ್ದ. ಆದರೆ ಅವನ ಪುಸ್ತಕ ಅಚ್ಚಾಗಿ ಬರುವುದು ತಡವಾಯಿತು. 1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ದೊಡ್ಡ ಮಸೂರದಿಂದ ಬಿಸಿಲನ್ನು ಪಾದರಸದ ಕೆಂಪು ಭಸ್ಮದ ಮೇಲೆ ಬೀಳಿಸಿದ. ಹೊರಬಂದ ಗಾಳಿಯಲ್ಲಿ ಮೇಣದಬತ್ತಿ ಧಗಧಗ ಉರಿಯಿತು. ಮುಂದೆ ಅವನು ಅದನ್ನು ತಾನೇ ಉಸಿರಾಡಿ ನೋಡಿ, ಎದೆ ಹಗುರಾಯಿತೆಂದು ಬರೆದ. ಅದರ ಜೊತೆಗೇ ಒಂದು ಅನುಮಾನವನ್ನೂ ದಾಖಲಿಸಿದ: ಈ ಗಾಳಿಯಲ್ಲಿ ಬತ್ತಿ ಬೇಗ ಉರಿದು ಮುಗಿಯುವಂತೆ ನಾವೂ ಬೇಗ ಮುಗಿದುಹೋಗಬಹುದೇನೋ! ಔಷಧಿ ಮತ್ತು ಅಪಾಯ ಎರಡನ್ನೂ ಅವನು ಒಂದೇ ಉಸಿರಿನಲ್ಲಿ ಕಂಡಿದ್ದ.

ಆದರೆ ಕಂಡದ್ದನ್ನು ಇಟ್ಟುಕೊಳ್ಳುವುದು ಹೇಗೆ? ಮುಂದೆ ನೂರು ವರ್ಷ ಅದಕ್ಕೆ ಒಳ್ಳೆಯ ಉತ್ತರ ಸಿಗಲಿಲ್ಲ. ನಾಟಕದ ರಂಗಕ್ಕೆ ಸುಣ್ಣದ ತುಂಡನ್ನು ಕಾಯಿಸಿ ಪ್ರಖರ ಬೆಳಕು ಕೊಡುವವರು ಆಕ್ಸಿಜನ್ನನ್ನು ಒಂದು ಚೀಲದಲ್ಲಿ, ಹೈಡ್ರೋಜನ್ನನ್ನು ಇನ್ನೊಂದು ಚೀಲದಲ್ಲಿ ತುಂಬಿ, ಮೇಲೆ ಭಾರ ಹೇರಿ ಒತ್ತಿಸುತ್ತಿದ್ದರು. ಭಾರ ಜಾರಿ ಒಂದರ ಅನಿಲ ಇನ್ನೊಂದಕ್ಕೆ ನುಗ್ಗಿತೋ, ಮುಗಿಯಿತು. ದಾರಿ ತೆರೆದದ್ದು ಬ್ರಿನ್ ಸಹೋದರರು. ಬೇರಿಯಂ ಆಕ್ಸೈಡನ್ನು ಕಾಯಿಸಿ ಒತ್ತಡದಲ್ಲಿ ಗಾಳಿ ಹಾಯಿಸಿದರೆ ಅದು ಆಕ್ಸಿಜನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ಒತ್ತಡ ಇಳಿಸಿದರೆ ಬಿಟ್ಟುಕೊಡುತ್ತದೆ. 1886ರಲ್ಲಿ ಅವರ ಕಂಪನಿ ಲಂಡನ್ನಿನಲ್ಲಿ ಶುರುವಾಯಿತು. ಅದಕ್ಕೆ ಒಂದು ವರ್ಷ ಮೊದಲು ಜರ್ಮನಿಯ ಮಾನ್ನೆಸ್‌ಮನ್ ಸಹೋದರರು ಬೆಸುಗೆಯಿಲ್ಲದ ಉಕ್ಕಿನ ಕೊಳವೆ ಮಾಡುವ ವಿಧಾನ ಕಂಡುಕೊಂಡಿದ್ದರು. ಒತ್ತಡ ಹೆಚ್ಚಾದಾಗ ಪಾತ್ರೆ ಮೊದಲು ಬಿಡುವುದು ಬೆಸುಗೆಯಲ್ಲಿ. ಬೆಸುಗೆಯೇ ಇಲ್ಲದಿದ್ದರೆ? ಇವತ್ತಿನ ಸಿಲಿಂಡರಿನ ಮೈಯಲ್ಲಿ ಎಲ್ಲೂ ಜೋಡಣೆ ಕಾಣದಿರುವುದು ಅದಕ್ಕೇ.

ಒಳಗೆ ತುಂಬಿದ ಮೇಲೆ ಹೊರಗೆ ಹದವಾಗಿ ಬಿಡುವ ಸಮಸ್ಯೆ. ಜರ್ಮನಿಯ ಲೂಬೆಕ್ ಊರಿನಲ್ಲಿ ಡ್ರೇಗರ್ ತಂದೆ-ಮಗ 1889ರಲ್ಲಿ ಒತ್ತಡ ಇಳಿಸುವ ವಾಲ್ವೊಂದನ್ನು ಮಾಡಿದರು. ಅದು ಆಸ್ಪತ್ರೆಗೆಂದು ಮಾಡಿದ್ದಲ್ಲ, ಪೀಪಾಯಿಯಿಂದ ಬಿಯರು ಸುರಿಸಲು ಬಳಸುವ ಇಂಗಾಲದ ಡೈಆಕ್ಸೈಡಿಗೆಂದು ಮಾಡಿದ್ದು. ಹದಿಮೂರು ವರ್ಷದಲ್ಲಿ ಅದೇ ಮನೆತನ ಅರಿವಳಿಕೆಯ ಯಂತ್ರ ತಯಾರಿಸಿತು. ಗೇಜು ನೋಡಿ ರೆಗ್ಯುಲೇಟರಿನ ಹಿಡಿ ತಿರುಗಿಸುವ ನರ್ಸಮ್ಮನ ಕೆಲಸ ಹೀಗೆ ಬಿಯರಿನ ಅಂಗಡಿಯಿಂದ ಬಂತು.

ಸಿಲಿಂಡರು ಬಂತು, ಜೊತೆಗೆ ಅವಘಡಗಳೂ ಬಂದವು. ತುಂಬಿದ ಸಿಲಿಂಡರುಗಳು ಸಿಡಿದು ಜನ ಸತ್ತರು. 1895ರಲ್ಲಿ ಬ್ರಿಟನ್ ಸರ್ಕಾರ ಒಂದು ಸಮಿತಿಯನ್ನು ನೇಮಿಸಿ ಕಾರಣ ಹುಡುಕಿಸಿತು. ಉಕ್ಕು ಎಂಥದಿರಬೇಕು, ಎಷ್ಟು ಒತ್ತಡಕ್ಕೆ ಪರೀಕ್ಷಿಸಬೇಕು ಎಂಬ ಲೆಕ್ಕಗಳು ಇಂಥ ವಿಚಾರಣೆಗಳಿಂದ ಗಟ್ಟಿಯಾದವು. ಉರಿಯುವ ಅನಿಲದ ಕೊಳವೆಯನ್ನು ಆಕ್ಸಿಜನ್ನಿಗೆ ಸಿಕ್ಕಿಸಿಬಿಡುವ ತಪ್ಪಿಗೂ ಮದ್ದು ಸಿಕ್ಕಿತು. ಆಕ್ಸಿಜನ್ನಿನ ಥ್ರೆಡ್ಡು ಬಲಕ್ಕೆ, ಅಸಿಟಲೀನ್, ಎಲ್‌ಪಿಜಿಯಂಥ ಉರಿಯುವ ಅನಿಲಗಳದ್ದು ಎಡಕ್ಕೆ. ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ ಎಷ್ಟೇ ತಿರುಗಿಸಿದರೂ ಅದು ಇದಕ್ಕೆ ಕೂರುವುದಿಲ್ಲ.

ಎಲ್ಲಕ್ಕಿಂತ ಬೆರಗು ಹುಟ್ಟಿಸಿದ ಪಾಠ ಎಣ್ಣೆಯದು. ಬೇರೆ ಯಾವ ಯಂತ್ರವಾದರೂ ಬಿಗಿಯಾದ ತಿರುಪಿಗೆ ಎರಡು ಹನಿ ಎಣ್ಣೆ ಬಿಡುವುದು ಒಳ್ಳೆಯ ಕೆಲಸಗಾರನ ಲಕ್ಷಣ. ಆಕ್ಸಿಜನ್ ವಾಲ್ವಿಗೆ ಹಾಗೆ ಮಾಡಿದವರ ಕೈಯಲ್ಲೇ ಬೆಂಕಿ ಹೊತ್ತಿಕೊಂಡಿತು. ಕಿಡಿ ಎಲ್ಲಿಂದ ಬಂತು? ಉತ್ತರ ಅದೇ ದಶಕದಲ್ಲಿ ಹುಟ್ಟಿದ ಇನ್ನೊಂದು ಯಂತ್ರದಲ್ಲಿದೆ. ಹೊಲಕ್ಕೆ ನೀರೆತ್ತುವ ಡೀಸೆಲ್ ಪಂಪಿಗೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಗಕ್ಕನೆ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ಡೀಸೆಲ್ ಸಿಡಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ವಾಲ್ವನ್ನು ಒಮ್ಮೆಲೆ ತೆರೆದಾಗಲೂ ಅದೇ ಆಗುತ್ತದೆ. 150 ಪಟ್ಟು ಒತ್ತಡದ ಅನಿಲ ರೆಗ್ಯುಲೇಟರಿನ ಇಕ್ಕಟ್ಟು ಮೂಲೆಗೆ ನುಗ್ಗಿ ಅಲ್ಲಿದ್ದುದನ್ನು ಕ್ಷಣದಲ್ಲಿ ಒತ್ತುತ್ತದೆ. ಲೆಕ್ಕದ ಪ್ರಕಾರ ಆ ಕ್ಷಣದ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅಲ್ಲಿ ಗ್ರೀಸಿನ ಒಂದು ಕಲೆ ಇದ್ದರೆ ಸಾಕು. ಅದು ಹೊತ್ತಿಕೊಂಡರೆ ಹಿತ್ತಾಳೆ, ರಬ್ಬರು, ಉಕ್ಕು ಯಾವುದನ್ನೂ ಬೆಂಕಿ ಬಿಡುವುದಿಲ್ಲ.

ಉಕ್ಕು ಉರಿಯುತ್ತದೆಯೇ ಎಂದು ಕೇಳುವವರು ಗ್ಯಾಸ್ ಕಟಿಂಗ್ ಮಾಡುವ ಮಿಸ್ತ್ರಿಯನ್ನು ನೋಡಬೇಕು. ಆಕ್ಸಿಜನ್ ಬೆರೆತ ಅಸಿಟಲೀನ್ ಜ್ವಾಲೆ 3,000 ಡಿಗ್ರಿ ದಾಟುತ್ತದೆಂದು ಫ್ರಾನ್ಸಿನ ಲ ಶಾಟೆಲಿಯೆ 1895ರಲ್ಲಿ ತೋರಿಸಿದ. ಆದರೆ ಟ್ರೇಲರಿನ ಚಾಸಿ ಕತ್ತರಿಸುವಾಗ ಜ್ವಾಲೆ ಮಾಡುವುದು ಕಬ್ಬಿಣವನ್ನು ಕೆಂಪಗೆ ಕಾಯಿಸುವಷ್ಟೇ ಕೆಲಸ. ಆಮೇಲೆ ಮಿಸ್ತ್ರಿ ಹಿಡಿ ಒತ್ತಿದಾಗ ಬರುವ ಶುದ್ಧ ಆಕ್ಸಿಜನ್ನಿನಲ್ಲಿ ಕಬ್ಬಿಣವೇ ಉರಿದು, ಕಿಟ್ಟವಾಗಿ ಕೆಳಗೆ ಸುರಿಯುತ್ತದೆ. ದಿನವೂ ಅನ್ನ ಕೊಡುವ ಈ ಗುಣ ರೆಗ್ಯುಲೇಟರಿನೊಳಗೆ ಕಾಣಿಸಿಕೊಂಡರೆ ಅದೇ ಅವಘಡ.

ಆಸ್ಪತ್ರೆಯ ಪಾಠ ಬೇರೆ ಬಗೆಯದು. ಮೊದಲ ಮಹಾಯುದ್ಧದ ವಿಷಾನಿಲ ಕುಡಿದ ಸೈನಿಕರಿಗೆ ಆಕ್ಸಿಜನ್ನನ್ನು ಕ್ರಮಬದ್ಧವಾಗಿ ಕೊಡುವ ವಿಧಾನವನ್ನು ಜೆ.ಎಸ್. ಹಾಲ್ಡೇನ್ 1917ರಲ್ಲಿ ವಿವರಿಸಿದ ಮೇಲೆ ಸಿಲಿಂಡರು ವಾರ್ಡಿಗೆ ಬಂತು. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಅದರ ಪಕ್ಕದಲ್ಲೇ ಅರಿವಳಿಕೆಯ ನೈಟ್ರಸ್ ಆಕ್ಸೈಡ್. ಒಂದರ ಜಾಗಕ್ಕೆ ಇನ್ನೊಂದನ್ನು ಸಿಕ್ಕಿಸಿ ರೋಗಿಗಳು ಪ್ರಾಣ ಕಳೆದುಕೊಂಡರು. ಬಣ್ಣ ನೋಡಬಾರದೇ ಎಂದರೆ, ಬಣ್ಣ ದೇಶಕ್ಕೊಂದು. ನಮ್ಮಲ್ಲಿ ಆಸ್ಪತ್ರೆಯ ಆಕ್ಸಿಜನ್ ಕಪ್ಪು ಮೈ, ಬಿಳಿ ಹೆಗಲು, ಅಮೆರಿಕದಲ್ಲಿ ಹಸಿರು. ಅಲ್ಲಿನ ಅರಿವಳಿಕೆ ತಜ್ಞ ಫಿಲಿಪ್ ವುಡ್‌ಬ್ರಿಜ್ ಕಣ್ಣನ್ನು ನಂಬುವುದನ್ನೇ ಬಿಟ್ಟ. ಸಣ್ಣ ಸಿಲಿಂಡರಿನ ವಾಲ್ವಿನಲ್ಲಿ ಎರಡು ತೂತು, ಯಂತ್ರದ ಕೊಂಡಿಯಲ್ಲಿ ಎರಡು ಮೊಳೆ. ಆಕ್ಸಿಜನ್ನಿಗೆ 2 ಮತ್ತು 5ನೇ ಜಾಗ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ಮೊಳೆ ತೂತಿಗೆ ಕೂರದಿದ್ದರೆ ಸಿಲಿಂಡರೂ ಕೂರುವುದಿಲ್ಲ. 1952ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆ ಇವತ್ತೂ ಇದೆ.

ಭಾರೀ ಒತ್ತಡವಿಲ್ಲದ ಕಡೆಯೂ ಆಕ್ಸಿಜನ್ ಅಪಾಯವೆಂದು ತೋರಿಸಿದ್ದು 1967ರ ಜನವರಿ 27. ನೆಲದ ಮೇಲೆ ತಾಲೀಮು ನಡೆಯುತ್ತಿದ್ದ ಅಪೊಲೊ 1ರ ಕೋಶದಲ್ಲಿ ಶುದ್ಧ ಆಕ್ಸಿಜನ್ ತುಂಬಿತ್ತು. ಬೆಂಕಿ ಹೊತ್ತಿದಾಗ ಮೂವರು ಗಗನಯಾನಿಗಳು ಹೊರಬರಲಾಗದೆ ಸತ್ತರು. ಗಾಳಿಯಲ್ಲಿ ಆಕ್ಸಿಜನ್ ಇರುವುದು ನೂರಕ್ಕೆ 21 ಪಾಲು. ಅದು ಮೂರ್ನಾಲ್ಕು ಪಾಲು ಏರಿದರೂ ಬಟ್ಟೆ, ಕೂದಲು, ಹಾಸಿಗೆ ಹೊತ್ತುವ ವೇಗವೇ ಬೇರೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೆವರಿದ ಹುಡುಗ ಆಕ್ಸಿಜನ್ ಪೈಪನ್ನು ಅಂಗಿಯೊಳಗೆ ಬಿಟ್ಟುಕೊಂಡು ತಂಪು ಮಾಡಿಕೊಳ್ಳುವುದು, ಮೈಮೇಲಿನ ಧೂಳು ಊದುವುದು ತಮಾಷೆಯಲ್ಲ. ಬಟ್ಟೆಯ ನೂಲಿನ ಸಂದಿನಲ್ಲಿ ಅನಿಲ ನಿಲ್ಲುತ್ತದೆ. ಆಮೇಲೆ ಒಂದು ಬೀಡಿ ಸಾಕು.

ಭಾರತಕ್ಕೆ ಈ ಪಾಠಗಳು ನಿಯಮವಾಗಿ ಬಂದವು. ಇಂಡಿಯನ್ ಆಕ್ಸಿಜನ್ ಅಂಡ್ ಅಸಿಟಲೀನ್ ಕಂಪನಿ ಕಲ್ಕತ್ತೆಯಲ್ಲಿ 1935ರಲ್ಲಿ ಶುರುವಾಯಿತು, ಗ್ಯಾಸ್ ಸಿಲಿಂಡರ್ ನಿಯಮಗಳು 1940ರಲ್ಲಿ ಬಂದವು. ಈಗ ಜಾರಿಯಲ್ಲಿರುವುದು 2016ರವು, ಉಸ್ತುವಾರಿ ನಾಗಪುರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು. ಆಕ್ಸಿಜನ್ ಸಿಲಿಂಡರನ್ನು ಐದು ವರ್ಷಕ್ಕೊಮ್ಮೆ ನೀರು ತುಂಬಿ, 250 ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ಹೆಗಲಿನ ಮೇಲಿನ ತಾರೀಖು ಅದರದ್ದೇ. ಬಿಸಿಲಿನಲ್ಲಿ 60 ಡಿಗ್ರಿ ಕಾದ ಸಿಲಿಂಡರಿನಲ್ಲಿ 150 ಇದ್ದದ್ದು 170 ದಾಟುತ್ತದೆ. ಗಟ್ಟಿ ಸಿಲಿಂಡರು ಅದನ್ನು ತಾಳಿಕೊಳ್ಳುತ್ತದೆ. ತುಕ್ಕು ತಿಂದು, ಪರೀಕ್ಷೆಯ ತಾರೀಖು ಮೀರಿದ್ದು ತಾಳಿಕೊಳ್ಳುತ್ತದೆಂದು ಹೇಳುವವರಿಲ್ಲ. ನೆರಳು, ಗೋಡೆಗೆ ಸರಪಳಿ, ಸಾಗಿಸುವಾಗ ವಾಲ್ವಿನ ಮೇಲೆ ಟೊಪ್ಪಿ, ಇವು ಮೂರೂ ಬೇಕಾಗುವುದು ಇದಕ್ಕೇ. ಟಂಟಂನಿಂದ ಕೆಳಗೆ ಬಿದ್ದ ಸಿಲಿಂಡರಿನ ವಾಲ್ವು ಮುರಿದರೆ ಅದು ರಾಕೆಟ್ಟಿನಂತೆ ಹಾರುತ್ತದೆ. ಉರಿಯುವ ಅನಿಲದಿಂದ 20 ಅಡಿ ದೂರ ಇಡಬೇಕು, ಇಲ್ಲವೇ ನಡುವೆ 5 ಅಡಿ ಎತ್ತರದ ಬೆಂಕಿ ತಡೆಯುವ ಗೋಡೆ ಇರಬೇಕು ಎನ್ನುತ್ತದೆ ಅಮೆರಿಕದ ನಿಯಮ. ಇಕ್ಕಟ್ಟಿನ ಶೆಡ್ಡಿನಲ್ಲಿ ಗೋಡೆಯೇ ಸುಲಭದ ದಾರಿ.

2021ರ ಕೋವಿಡ್ ಅಲೆಯಲ್ಲಿ ಸಿಲಿಂಡರು ಇನ್ನೊಂದು ಪಾಠ ಕಲಿಸಿತು. ನಿಮಿಷಕ್ಕೆ 10 ಲೀಟರು ಬೇಕಾದ ರೋಗಿಗೆ ಜಂಬೋ ಸಿಲಿಂಡರು ಹನ್ನೊಂದೂವರೆ ತಾಸು ಬರುತ್ತದೆ, 60 ಲೀಟರು ಬೇಕಾದವರಿಗೆ ಎರಡು ತಾಸೂ ಇಲ್ಲ. ಆ ವರ್ಷದ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡದ್ದನ್ನು ನಾಡು ಮರೆಯುವಂತಿಲ್ಲ. ಸುರಕ್ಷಿತ ದಾಸ್ತಾನು ಎಂದರೆ ಸಿಲಿಂಡರು ಸಿಡಿಯದಂತೆ ನೋಡಿಕೊಳ್ಳುವುದು ಮಾತ್ರವಲ್ಲ, ತೀರುವ ಹೊತ್ತನ್ನು ಮೊದಲೇ ಲೆಕ್ಕ ಹಾಕುವುದೂ ಹೌದೆಂದು ಅವತ್ತು ಗೊತ್ತಾಯಿತು. ತುಂಬಿದ್ದು, ಖಾಲಿ ಎಂದು ಬೇರೆ ಬೇರೆ ನಿಲ್ಲಿಸಿ ಚೀಟಿ ಕಟ್ಟುವ ಸಣ್ಣ ಶಿಸ್ತಿನಲ್ಲೂ ಜೀವ ಉಳಿಸುವ ಶಕ್ತಿಯಿದೆ.

ಅದೇ ದಿನಗಳಲ್ಲಿ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಡೆಬೆಲ್ ಮುಂದೆ ಬಂತು. ತೇಜಸ್ ಯುದ್ಧವಿಮಾನದ ಪೈಲಟ್ಟಿಗೆ ಹಾರಾಟದಲ್ಲೇ ಆಕ್ಸಿಜನ್ ಮಾಡಿಕೊಡುವ ಯಂತ್ರವನ್ನು ಅದು ರೂಪಿಸಿತ್ತು. ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಹರಳು ಒತ್ತಡದಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ಒತ್ತಡ ಇಳಿಸಿದರೆ ಬಿಡುತ್ತದೆ. ಬ್ರಿನ್ ಸಹೋದರರ ಉಪಾಯವೇ, ಹಿಡಿಯುವ ಅನಿಲ ಮಾತ್ರ ಬೇರೆ. ಆ ತಂತ್ರವನ್ನು ಹಿಗ್ಗಿಸಿ ನಿಮಿಷಕ್ಕೆ 1,000 ಲೀಟರು ಕೊಡುವ ಆಸ್ಪತ್ರೆ ಘಟಕ ಮಾಡಿದರು. ಅಂಥವು ದೇಶದ ಹಲವು ಆಸ್ಪತ್ರೆಗಳಲ್ಲಿ ನಿಂತವು. ಹಾಸಿಗೆಯವರೆಗಿನ ಪೈಪಿನಲ್ಲಿ ಅಲ್ಲಿ 150 ಪಟ್ಟು ಒತ್ತಡವಿಲ್ಲ. ಆದರೆ ಕರೆಂಟು ಹೋದರೆ ಅದೂ ನಿಲ್ಲುತ್ತದೆ, ಹಿಂದೆ ಸಿಲಿಂಡರು ಸಾಲಾಗಿ ನಿಂತಿರಲೇಬೇಕು.

ಈ ಕತೆಯನ್ನು ಒಟ್ಟಿಗೆ ನೋಡಿದರೆ ಒಂದು ಮಾತು ಎದ್ದುಕಾಣುತ್ತದೆ. ಕಲಿತ ಪಾಠವನ್ನು ಮನುಷ್ಯ ಸಾಧ್ಯವಾದಷ್ಟೂ ಉಕ್ಕಿನಲ್ಲೇ ಅಡಗಿಸಿಟ್ಟ. ಎಡ-ಬಲದ ಥ್ರೆಡ್ಡು, ಮೊಳೆ-ತೂತು, ಬೆಸುಗೆಯಿಲ್ಲದ ಮೈ: ಮರೆತವನನ್ನೂ ಇವು ಕಾಯುತ್ತವೆ. ಆದರೆ ಎರಡು ಪಾಠಗಳನ್ನು ಯಾವ ಉಕ್ಕಿನಲ್ಲೂ ಅಚ್ಚೊತ್ತಲಾಗಲಿಲ್ಲ. ಕೈಗೆ ಎಣ್ಣೆ ಇರಬಾರದು, ವಾಲ್ವನ್ನು ಸಾವಕಾಶ ತೆರೆಯಬೇಕು. ಇವು ಕೈಯಿಂದ ಕೈಗೆ, ಬಾಯಿಂದ ಬಾಯಿಗಷ್ಟೇ ದಾಟುತ್ತವೆ. “ಎಣ್ಣಿ ಕೈಲೆ ಮುಟ್ಟಬ್ಯಾಡೋ ತಮ್ಮಾ, ಬಾಜೂಕ ನಿಂತು ಸಾವಕಾಶ ತಿರುವು” ಎಂದು ಇಳಕಲ್ಲಿನ ಮಿಸ್ತ್ರಿ ಹೊಸದಾಗಿ ಸೇರಿದ ಹುಡುಗನಿಗೆ ಹೇಳಿದರೆ ನೂರಮೂವತ್ತು ವರ್ಷದ ಶೋಧ ಆ ಶೆಡ್ಡಿಗೆ ತಲುಪಿತೆಂದು ಲೆಕ್ಕ. ಹೇಳದಿದ್ದರೆ ಆ ಹುಡುಗ ಅದನ್ನು ಮೊದಲಿನಿಂದ, ತನ್ನ ಕೈ ಸುಟ್ಟುಕೊಂಡು ಕಂಡುಹಿಡಿಯಬೇಕಾಗುತ್ತದೆ.