ಒಂದೇ ದಿನದ ಕೆಲಸ, ಏನೂ ಆಗಲ್ಲ ಸಾರ್!

ದೇವನಹಳ್ಳಿ ತಾಲೂಕಿನ ನಲ್ಲೂರು ಅಂದರೆ ಹೆಚ್ಚಿನವರಿಗೆ ನೆನಪಾಗೋದು ಹುಣಸೆ ತೋಪು. 2007ರಲ್ಲಿ ಅದು ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮರುವರ್ಷವೇ ತಾಲೂಕಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಈಗ ಈ ಕಡೆ ರಸ್ತೆಬದಿಯ ಮನೆಗಳು ಒಂದೊಂದಾಗಿ ಅಂಗಡಿಗಳಾಗುತ್ತಿವೆ.

ನಲ್ಲೂರಿನ ಪರಿಚಯದವರೊಬ್ಬರು ಕೆಳಮನೆಯನ್ನು ಬೇಕರಿಗೆ ಬಾಡಿಗೆ ಕೊಡೋಕೆ ಹೊರಟಿದ್ದರು. ಹಾಲ್ ಮತ್ತು ರೂಮಿನ ನಡುವಿನ ಗೋಡೆ ತೆಗೆಯಬೇಕು. 'ನೀವು ಸಿವಿಲ್ ಓದಿದ್ದೀರಲ್ಲ, ಒಂದ್ಸಲ ಬಂದು ನೋಡಿ' ಅಂದರು. (ಡಿಗ್ರಿ ಇಂಥ ಹೊತ್ತಲ್ಲಾದರೂ ನೆನಪಾಗುತ್ತೆ.) ಮೇಸ್ತ್ರಿಯದ್ದು ಒಂದೇ ಮಾತು: 'ಒಂದೇ ದಿನದ ಕೆಲಸ ಸಾರ್, ಏನೂ ಆಗಲ್ಲ.'

ನೋಡಿದೆ. ಮನೆಗೆ ಪಿಲ್ಲರ್ ಇಲ್ಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಮಹಡಿಯಲ್ಲೂ ಸರಿಯಾಗಿ ಅದರ ಮೇಲೇ ಇನ್ನೊಂದು ಗೋಡೆ. ಅಂದರೆ ಅದು ಬರೀ ಅಡ್ಡಗೋಡೆಯಲ್ಲ, ಸೂರನ್ನು ಹೊತ್ತಿರೋ ಗೋಡೆ. ಎರಡೂ ಕಡೆ ಹತ್ತು ಹತ್ತು ಅಡಿ ಇದ್ದ ಸ್ಲ್ಯಾಬ್ ಅದನ್ನು ತೆಗೆದರೆ ಇಪ್ಪತ್ತು ಅಡಿ ಹಾಯಬೇಕು. ಆಗ ಅದನ್ನು ಬಾಗಿಸೋ ಒತ್ತಡ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟಾಗುತ್ತೆ. ಇನ್ನೊಂದು ಎಡವಟ್ಟಿದೆ. ಗೋಡೆಯ ನೆತ್ತಿಯ ಮೇಲೆ ಸ್ಲ್ಯಾಬಿನ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತೆ. ಗೋಡೆ ಹೋದರೆ ಅದೇ ಜಾಗ ಕೆಳಕ್ಕೆ ಜಗ್ಗುತ್ತೆ. ಬೇಕಾದ ಕಡೆ ಕಂಬಿ ಸಾಲೋದಿಲ್ಲ. ಹಳೇ ಕಲ್ಲುಚಪ್ಪಡಿ ಸೂರಾದರೆ ಲೆಕ್ಕವೇ ಬೇಡ, ಚಪ್ಪಡಿಗಳ ತುದಿ ಕೂತಿರೋದೇ ಆ ಗೋಡೆ ಮೇಲೆ.

ಪಿಲ್ಲರ್ ಇರೋ ಕಟ್ಟಡದಲ್ಲಿ ಗೋಡೆ ತೆಗೆಯೋದು ಸಾಮಾನ್ಯವಾಗಿ ಇಷ್ಟು ಅಪಾಯವಲ್ಲ. ಆದರೆ ಭೂಕಂಪ ಬಂದಾಗ ಆ ಗೋಡೆಗಳೂ ಕಟ್ಟಡವನ್ನು ಬಿಗಿಯಾಗಿ ಹಿಡಿಯುತ್ತವೆ. 2001ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲಿ ಕುಸಿದ ಹಲವು ಅಪಾರ್ಟ್‌ಮೆಂಟ್‌ಗಳ ನೆಲಮಹಡಿ ಪಾರ್ಕಿಂಗ್‌ಗಾಗಿ ಗೋಡೆಯಿಲ್ಲದೆ ಖಾಲಿಯಿತ್ತು. ಸೋಲ್‌ನ ಸ್ಯಾಂಪೂಂಗ್ ಮಳಿಗೆಯದು ಇನ್ನೂ ಘೋರ. ವಸತಿಗೆಂದು ಯೋಜಿಸಿದ್ದನ್ನು ಮಳಿಗೆಯಾಗಿ ಬದಲಿಸಿ, ಎಸ್ಕಲೇಟರ್‌ಗೆ ಜಾಗ ಮಾಡೋಕೆ ಕಂಬಗಳನ್ನೇ ಕೈಬಿಟ್ಟರು, ಮೇಲೊಂದು ಮಹಡಿ ಏರಿಸಿದರು. 1995ರ ಜೂನ್ 29ರಂದು ಕುಸಿದು 502 ಜನ ಸತ್ತರು.

ಕಾನೂನು ಏನನ್ನುತ್ತೆ? ಮನೆಯನ್ನು ಅಂಗಡಿ ಮಾಡೋದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, 1961ರ 14ನೇ ಸೆಕ್ಷನ್ ಪ್ರಕಾರ 'ಅಭಿವೃದ್ಧಿ', ಅನುಮತಿ ಬೇಕು. ಆದರೆ ಕಟ್ಟಡದ ಒಳಭಾಗಕ್ಕಷ್ಟೇ ಸಂಬಂಧಪಟ್ಟ ಮಾರ್ಪಾಡು ಅದೇ ಸೆಕ್ಷನ್ನಿನ ವಿವರಣೆಯಂತೆ 'ಅಭಿವೃದ್ಧಿ' ಅಲ್ಲ. ಹೊರಗಿನ ಬಳಕೆ ಕಾಣೋ ಕಾಯ್ದೆಗೆ ಒಳಗಿನ ಭಾರ ಕಾಣೋದಿಲ್ಲ. ಕಟ್ಟಡ ಬೈಲಾ ಕೇಳಬೇಕು, ಸರಿ. ಆದರೆ ಬಾಗಿಲು ಮುಚ್ಚಿ ಗೋಡೆ ಒಡೆಯುವಾಗ ನೋಡೋರು ಯಾರು?

ದಾರಿಯೇ ಇಲ್ಲ ಅಂತಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಬೇಕು. ಮೊದಲು ಗೋಡೆಯ ಎರಡೂ ಬದಿ ಜಾಕ್ ಕೊಟ್ಟು ಸೂರಿನ ಭಾರ ಎತ್ತಿ ಹಿಡಿದು, ಗೋಡೆಯ ಜಾಗದಲ್ಲಿ ಉಕ್ಕಿನ ಬೀಮ್ ಕೂರಿಸಿ, ಅದರ ಎರಡು ತುದಿಯ ಭಾರ ಕೆಳಗಿನ ಪಾಯ ತಾಳುತ್ತಾ ನೋಡಬೇಕು. ಒಂದೇ ದಿನದಲ್ಲಿ ಮುಗಿಯೋ ಕೆಲಸವಲ್ಲ ಇದು.

ಮಾಲೀಕರು ಖರ್ಚು ಕೇಳಿ ಸುಮ್ಮನಾದರು. ಬೇಕರಿಯವರಿಂದ ಅಡ್ವಾನ್ಸ್ ಆಗಲೇ ತಗೊಂಡಾಗಿದೆ, ಅಗ್ರಿಮೆಂಟ್‌ನಲ್ಲಿ ಗೋಡೆ ಬಗ್ಗೆ ಒಂದು ಸಾಲೂ ಇಲ್ಲ. ಮಹಡಿಯಲ್ಲಿ ಎರಡು ಬಾಡಿಗೆ ಸಂಸಾರಗಳಿವೆ. ಕೆಳಗೆ ಗೋಡೆ ಒಡೀತಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನೇ ಮೆಟ್ಟಿಲು ಹತ್ತಿ ಹೋಗಿ ಹೇಳಿ ಬಂದೆ.