ಹಳೆಯ ಕಾರನ್ನು ಕೊಳ್ಳುವ ಮುನ್ನ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಕುಟುಂಬಗಳಲ್ಲಿ ಹಳೆಯ ಕಾರನ್ನು ಕೊಳ್ಳುವವರು ಅನೇಕರು. ಆದರೆ ಕೊಟ್ಟ ಬೆಲೆಯೊಂದಿಗೆ ವೆಚ್ಚ ಮುಗಿಯುವುದಿಲ್ಲ.

ದೇಹದಂತೆ ಯಂತ್ರಕ್ಕೂ ಮುಪ್ಪಿನ ವ್ಯಾಧಿಗಳುಂಟು. ಶಿಳ್‌ಫಾಟಾದ ವಾಹನದಟ್ಟಣೆಯಲ್ಲಿ ಕ್ಲಚ್ ಬೇಗ ಸವೆಯುತ್ತದೆ. ಮಳೆನೀರು, ಖಾಡಿಯ ಉಪ್ಪುಗಾಳಿಗಳಿಂದ ತಳದ ತಗಡು ತುಕ್ಕು ಹಿಡಿಯುತ್ತದೆ. ರೇಡಿಯೇಟರಿನ ರಬ್ಬರು ಕೊಳವೆ ಸೋರಿದರೆ ಅದನ್ನು ಬದಲಿಸಲು ತಗಲುವುದು ಅಲ್ಪವೆಚ್ಚ. ಅಲಕ್ಷಿಸಿ ಓಡಿಸಿದರೆ ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಕೆಟ್ಟು, ಖರ್ಚು ಹಲವು ಪಟ್ಟಾಗುತ್ತದೆ. ನೀಲಿ ಹೊಗೆಯು ಎಂಜಿನ್ ಎಣ್ಣೆ ಉರಿಯುತ್ತಿರುವುದರ ಸೂಚನೆ. ಸೈಲೆನ್ಸರಿನ ಕೊಳವೆ ತೂತಾದರಂತೂ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಸೇರಿ ತಲೆನೋವು, ವಾಕರಿಕೆ, ಕೆಲವೊಮ್ಮೆ ಮರಣವನ್ನೂ ತರಬಲ್ಲದು.

ಬಿಡಿಭಾಗಗಳ ವಿಚಾರವೂ ಮುಖ್ಯ. ಕಲ್ಯಾಣದಲ್ಲಿಯೇ ತಯಾರಾಗುತ್ತಿದ್ದ ಪ್ಯೂಜೋ 309ರ ಉತ್ಪಾದನೆ 1990ರ ದಶಕದಲ್ಲೇ ನಿಂತಿತು. ತಯಾರಿಕೆ ನಿಂತ ಕಾರು ಅಗ್ಗವಾಗಿ ದೊರೆತರೂ, ಅದರ ಬಿಡಿಭಾಗ ಅರಸುವುದು ಸುಲಭವಲ್ಲ. ಪ್ರೀಮಿಯರ್ ಪದ್ಮಿನಿಯ ಅದೃಷ್ಟ ಬೇರೆ. 2023ರವರೆಗೂ ಮುಂಬಯಿಯ ಟ್ಯಾಕ್ಸಿಯಾಗಿ ಓಡಿದ ಅದರ ಮರ್ಮವನ್ನು ಬಲ್ಲ ಮೆಕ್ಯಾನಿಕರು ಇಂದಿಗೂ ಇದ್ದಾರೆ.

ಹದಿನೈದು ವರ್ಷ ತುಂಬಿದ ಖಾಸಗಿ ಕಾರಿಗೆ ತಪಾಸಣೆಯೊಡನೆ ನೋಂದಣಿ ನವೀಕರಣ, ಹಸಿರು ತೆರಿಗೆಗಳೂ ಸೇರುತ್ತವೆ. ಆದುದರಿಂದ ಮುಂಗಡ ಕೊಡುವ ಮೊದಲೇ ನಂಬಿಗಸ್ತ ಮೆಕ್ಯಾನಿಕನಿಂದ ಕಾರನ್ನು ಪರೀಕ್ಷಿಸಿಕೊಳ್ಳುವುದು ಲೇಸು. ದುರಸ್ತಿಗೆ ಹಣ ಸಾಲದಾದಾಗ ಮೊದಲು ಬ್ರೇಕು, ಟೈರು, ಸೈಲೆನ್ಸರ್; ಬಣ್ಣ, ಹೊದಿಕೆಗಳು ಆಮೇಲೆ. ಕಾರಿನೊಳಗೆ ಕುಳಿತುಕೊಳ್ಳುವುದು ನಮ್ಮ ಮನೆಮಂದಿಯೇ ಅಲ್ಲವೇ?